ಅರ್ಧಕ್ಕೆ ನಿಂತ ಮನೆ ಕೆಲಸ, ಬಾಗಿಲಿಗೆ ಬಂದ ನೋಟಿಸ್

ಮನೆ ರಿಪೇರಿ ಸಾಮಾನ್ಯವಾಗಿ ಬಚ್ಚಲುಮನೆಯ ಸೋರಿಕೆಯಿಂದ ಶುರುವಾಗುತ್ತದೆ. ಟೈಲ್ಸ್ ಕಿತ್ತಾಗ ಗೋಡೆ ನೀರು ಕುಡಿದಿರುವುದು ಕಾಣುತ್ತದೆ, ಗೋಡೆ ಕೆದಕಿದಾಗ ವೈರಿಂಗ್ ಹಳತಾಗಿರುವುದು ಕಾಣುತ್ತದೆ. ‘ಹೇಗೂ ಧೂಳೆದ್ದಿದೆ, ಅಡುಗೆಮನೆಯನ್ನೂ ದೊಡ್ಡದು ಮಾಡಿಬಿಡೋಣ’ ಎಂದು ಮನೆಯಲ್ಲಿ ಯಾರೋ ಒಬ್ಬರು ಅನ್ನುತ್ತಾರೆ. ಮೇಸ್ತ್ರಿ ತಲೆಯಾಡಿಸುತ್ತಾರೆ. ಕೆಲವೇ ತಿಂಗಳಲ್ಲಿ ಮೇಲೊಂದು ಮಹಡಿಗೆ ಸೆಂಟ್ರಿಂಗ್ ಎದ್ದಿರುತ್ತದೆ, ಪಕ್ಕದ ಮನೆಯವರು ದೂರು ಕೊಟ್ಟಿರುತ್ತಾರೆ, ಗೇಟಿನ ಮೇಲೆ ಪಾಲಿಕೆಯ ನೋಟಿಸ್ ಅಂಟಿರುತ್ತದೆ.

ಆಗ ಎಲ್ಲರೂ ಹುಡುಕುವುದು ‘ಒಳಗೆ ಗೊತ್ತಿರುವವರನ್ನು’. ಹುಡುಕಬೇಕಾದದ್ದು ಅಳತೆ ಟೇಪನ್ನು. ಕೈಮೀರಿದ ನವೀಕರಣಕ್ಕೆ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಸಿಗುವುದು ಸಾಧ್ಯ. ಆದರೆ ಅದಕ್ಕೊಂದು ಕ್ರಮವಿದೆ. ನಿಂತಿರುವುದು ಎಷ್ಟು ಎಂದು ಪ್ರಾಮಾಣಿಕವಾಗಿ ಅಳೆಸಬೇಕು, ನಿಯಮ ಮೀರಿದ ಭಾಗವನ್ನು ಇಳಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಆಮೇಲೆ ಅರ್ಜಿ ಹಾಕಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಿದವರ ಕಡತಗಳೇ ಕಚೇರಿಯಲ್ಲಿ ವರ್ಷಗಟ್ಟಲೆ ಕೊಳೆಯುವುದು.

ಎಲ್ಲ ರಿಪೇರಿಗೂ ಪರವಾನಗಿ ಬೇಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸುಣ್ಣಬಣ್ಣ, ಗಾರೆ, ಪ್ಲಾಸ್ಟರಿಂಗ್, ನೆಲಹಾಸು ಬದಲಿಸುವುದು, ಹೆಂಚು ತೆಗೆದು ಹೊಸ ಹೆಂಚು ಹಾಕುವುದು, ಒಳಗೆ ಒಂದು ಅಡ್ಡಗೋಡೆ ಎಬ್ಬಿಸುವುದು, ಕೋಣೆಯಿಂದ ಕೋಣೆಗೆ ಬಾಗಿಲು ಬಿಡುವುದು, ಇವನ್ನೆಲ್ಲ ಬೆಂಗಳೂರಿನ 2003ರ ಕಟ್ಟಡ ಬೈಲಾ ಪರವಾನಗಿಯಿಂದ ಹೊರಗಿಟ್ಟಿದೆ. ರಸ್ತೆಯ ಕಡೆಗೋ ಪಕ್ಕದವರ ಜಾಗದ ಕಡೆಗೋ ತೆರೆಯದ ಕಿಟಕಿಯನ್ನು ಇಡುವುದಕ್ಕೂ ಮುಚ್ಚುವುದಕ್ಕೂ ಅನುಮತಿ ಬೇಡ. ಗೆರೆ ದಾಟುವುದು ಕಟ್ಟಡದ ವಿಸ್ತೀರ್ಣ ಹೆಚ್ಚಿದಾಗ, ಎತ್ತರ ಹೆಚ್ಚಿದಾಗ, ಸುತ್ತ ಬಿಡಬೇಕಾದ ಖಾಲಿ ಜಾಗ ಅಂದರೆ ಸೆಟ್‌ಬ್ಯಾಕ್ ತಿಂದಾಗ, ಭಾರ ಹೊರುವ ಗೋಡೆ, ಪಿಲ್ಲರ್, ಬೀಮುಗಳನ್ನು ಮುಟ್ಟಿದಾಗ ಮತ್ತು ವಾಸದ ಮನೆಯ ಮುಂಭಾಗ ಅಂಗಡಿಯಾದಾಗ. ಹೊರಮೆಟ್ಟಿಲು ಇವುಗಳಲ್ಲೆಲ್ಲ ಹೆಚ್ಚು ಮೋಸ ಮಾಡುವಂಥದ್ದು. ಮೇಲಿನ ಮನೆ ಬಾಡಿಗೆಗೆ ಕೊಡಲು ಅನುಕೂಲ ಎಂದು ಪಕ್ಕದ ಓಣಿಯಲ್ಲಿ ಇಳಿಸಿದ ಮೆಟ್ಟಿಲು ಸೆಟ್‌ಬ್ಯಾಕನ್ನು ನುಂಗಿರುತ್ತದೆ. ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರ್ ಕಣ್ಣಿಗೆ ಮೊದಲು ಬೀಳುವುದೂ ಅದೇ.

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಹಳೆಯ ಬಡಾವಣೆ, 30×40 ನಿವೇಶನ, ಅಂದರೆ 1,200 ಚದರ ಅಡಿ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮದ ಪ್ರಕಾರ ಇಷ್ಟು ಸಣ್ಣ ವಸತಿ ನಿವೇಶನಕ್ಕೆ, ಮುಂದಿನ ರಸ್ತೆ 12 ಮೀಟರ್ ಒಳಗಿದ್ದರೆ, ನೆಲದ ಮೇಲೆ ಶೇ 75ರಷ್ಟು ಜಾಗ ಮುಚ್ಚಬಹುದು, ನೆಲವಿಸ್ತೀರ್ಣ ಅನುಪಾತ (ಎಫ್‌ಎಆರ್) 1.75. ಹಾಗಾಗಿ ನೆಲಮಟ್ಟದಲ್ಲಿ ಹೆಚ್ಚೆಂದರೆ 900 ಚದರ ಅಡಿ, ಎಲ್ಲ ಮಹಡಿ ಸೇರಿ 2,100 ಚದರ ಅಡಿ. ಸೆಟ್‌ಬ್ಯಾಕ್ ಬಿಟ್ಟ ಮೇಲೆ ಉಳಿಯುವುದು ಇದಕ್ಕಿಂತ ಕಡಿಮೆಯೂ ಆಗಬಹುದು. ಆ ಮನೆಯಲ್ಲಿ ಈಗಾಗಲೇ ಕೆಳಗೆ 850, ಮೇಲೆ 850 ಇದೆ ಎಂದುಕೊಳ್ಳಿ. ಉಳಿದದ್ದು 400 ಚದರ ಅಡಿ. ಒಂದು ಕೋಣೆ, ಒಂದು ಬಚ್ಚಲು, ಮುಂದೆ ತೆರೆದ ತಾರಸಿ, ಇಷ್ಟಕ್ಕೆ ಧಾರಾಳವಾಗಿ ಸಾಕು. ಆದರೆ ಮೇಸ್ತ್ರಿ ಕೆಳಗಿನ ಮಹಡಿಯನ್ನೇ ಅಚ್ಚೊತ್ತಿದಂತೆ ಮೇಲೂ 850 ಎಬ್ಬಿಸಿರುತ್ತಾರೆ. 450 ಚದರ ಅಡಿ ಹೆಚ್ಚುವರಿ.

ಈ 450ನ್ನು ದಂಡ ಕಟ್ಟಿ ಸಕ್ರಮ ಮಾಡಿಸಬಹುದೇ? 2003ರ ಬೈಲಾ ಕೊಟ್ಟ ಸಡಿಲಿಕೆ ಶೇ 5. ಸೆಟ್‌ಬ್ಯಾಕ್, ನೆಲ ವ್ಯಾಪ್ತಿ, ಎಫ್‌ಎಆರ್, ಎತ್ತರ ಇವುಗಳಲ್ಲಿ ವ್ಯತ್ಯಾಸ ಶೇ 5ರೊಳಗಿದ್ದು, ಕೆಡವಿದರೆ ಕಟ್ಟಡದ ಭದ್ರತೆಗೇ ಧಕ್ಕೆ ಎನ್ನುವಂತಿದ್ದರೆ, ಆಯುಕ್ತರು ಕಾರಣ ದಾಖಲಿಸಿ ಒಪ್ಪಬಹುದು. 2,100ಕ್ಕೆ ಶೇ 5 ಎಂದರೆ 105 ಚದರ ಅಡಿ. ಸೆಟ್‌ಬ್ಯಾಕ್‌ನಲ್ಲಂತೂ ಈ ಶೇ 5 ಎಷ್ಟು ಕಿರಿದು ಎಂದು ಬಹಳ ಜನಕ್ಕೆ ಅಂದಾಜಿಲ್ಲ. ನಕ್ಷೆಯಲ್ಲಿ ಒಂದು ಮೀಟರ್ ಬಿಡಬೇಕೆಂದಿದ್ದರೆ ಸಡಿಲಿಕೆ 5 ಸೆಂಟಿಮೀಟರ್, ಎರಡೇ ಎರಡು ಇಂಚು. ಪ್ಲಾಸ್ಟರಿಂಗ್ ಮತ್ತು ಟೈಲ್ಸೇ ಅದನ್ನು ತಿಂದುಬಿಡುತ್ತದೆ. ಒಂದಡಿ ಮುಂದೆ ಬಂದ ಬಾಲ್ಕನಿಗೆ ಆ ಬಾಗಿಲಿನಿಂದ ದಾರಿಯಿಲ್ಲ. ಇಂಥ ಮಿತಿಗಳು ಆಗಾಗ ತಿದ್ದುಪಡಿಯಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಯಾವ ಅಂಕಿ ಜಾರಿಯಲ್ಲಿದೆ ಎಂಬುದನ್ನು ಎಂಜಿನಿಯರ್ ಕೈಯಲ್ಲಿ ಬರವಣಿಗೆಯಲ್ಲೇ ಪಡೆಯುವುದು ಒಳ್ಳೆಯದು.

‘ಅಕ್ರಮ ಸಕ್ರಮ ಬರುತ್ತೆ ಬಿಡಿ’ ಎಂಬ ಮಾತು ಇಪ್ಪತ್ತು ವರ್ಷದಿಂದ ಮನೆ ಕಟ್ಟುವವರ ಬಾಯಲ್ಲಿದೆ. ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಸೇರಿಸಿದ 76 ಎಫ್‌ಎಫ್ ಕಲಮಿನ ಆ ಯೋಜನೆ ವಾಸದ ಕಟ್ಟಡದಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವುದಾಗಿ ಹೇಳಿತ್ತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಆ ತಡೆಯನ್ನು ಬದಿಗಿಟ್ಟರೂ ಯೋಜನೆಯ ಗಡುವು 2013ರ ಅಕ್ಟೋಬರ್ 19. ಅದಕ್ಕೆ ಮುಂಚೆ ಕಟ್ಟಿದ ಕಟ್ಟಡಗಳಿಗಷ್ಟೇ ಅದು. ಈಗ ಕಟ್ಟುತ್ತಿರುವ ಮಹಡಿಗೆ ಅದನ್ನು ನಂಬಿ ಕೂತವರಿಗೆ ಯಾವ ಆಧಾರವೂ ಇಲ್ಲ.

ತೆರಿಗೆ ರಸೀದಿಯನ್ನೂ ಹಲವರು ರಕ್ಷಾಕವಚ ಎಂದುಕೊಳ್ಳುತ್ತಾರೆ. ‘ಮೇಲಿನ ಮಹಡಿಗೂ ಕಂದಾಯ ಕಟ್ಟುತ್ತಿದ್ದೇವೆ, ಕರೆಂಟ್ ಮೀಟರ್ ಇದೆ, ಮತ್ತೆ ಅಕ್ರಮ ಹೇಗೆ?’ ಎಂಬುದು ನೋಟಿಸ್‌ಗೆ ಕೊಡುವ ಉತ್ತರಗಳಲ್ಲಿ ಪದೇ ಪದೇ ಕಾಣುವ ವಾದ. ಅದು ನಿಲ್ಲುವುದಿಲ್ಲ. ಕಂದಾಯ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗದು. ಅನಧಿಕೃತ ಕಟ್ಟಡಕ್ಕೆ ಎರಡು ಪಟ್ಟು ಆಸ್ತಿ ತೆರಿಗೆ ಹಾಕಲು ಪೌರನಿಗಮಗಳ ಕಾಯ್ದೆಯಲ್ಲೇ ಅವಕಾಶವಿದೆ. ಆ ಎರಡು ಪಟ್ಟು ಕಟ್ಟಿದರೂ ಕಟ್ಟಡದ ಸ್ಥಿತಿ ಬದಲಾಗುವುದಿಲ್ಲ.

ಇನ್ನು ನೋಟಿಸ್ ಬಂದಾಗ ಮಾಡಬೇಕಾದದ್ದು. ಮೊದಲನೆಯದು, ಅದೇ ದಿನ ಕೆಲಸ ನಿಲ್ಲಿಸುವುದು. ‘ನಾಳೆ ಮೋಲ್ಡ್ ಹಾಕಿಬಿಟ್ಟರೆ ಯಾರೇನು ಮಾಡುತ್ತಾರೆ’ ಎಂಬ ಸಲಹೆ ಗುತ್ತಿಗೆದಾರರಿಂದ ಖಂಡಿತ ಬರುತ್ತದೆ. ನೋಟಿಸ್‌ನ ತಾರೀಖಿನ ನಂತರ ಹಾಕಿದ ಕಾಂಕ್ರೀಟು ಮುಂದೆ ಯಾವ ಪ್ರಾಧಿಕಾರದ ಮುಂದೆಯೂ ಮಾಲೀಕರ ಸದುದ್ದೇಶದ ವಾದವನ್ನು ಮುರಿಯುತ್ತದೆ. ನಿಲ್ಲಿಸಿದ ದಿನವೇ ಮನೆಯ ನಾಲ್ಕೂ ದಿಕ್ಕಿನಿಂದ, ಒಳಗಿನಿಂದ, ತಾರಸಿಯಿಂದ ತಾರೀಖು ಕಾಣುವಂತೆ ಫೋಟೊ ತೆಗೆದಿಡಬೇಕು. ಎಷ್ಟು ಕಟ್ಟಿ ನಿಲ್ಲಿಸಲಾಗಿತ್ತು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ಎರಡನೆಯದು, ನೋಟಿಸನ್ನು ಪೂರ್ತಿ ಓದುವುದು. ಕರ್ನಾಟಕ ಪೌರನಿಗಮಗಳ ಕಾಯ್ದೆ, 1976ರ 321ನೇ ಕಲಮಿನಲ್ಲಿ ಮೂರು ಮೆಟ್ಟಿಲುಗಳಿವೆ: ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸ್, ಕೊನೆಗೆ ದೃಢೀಕರಣ ಆದೇಶ. ಕೈಯಲ್ಲಿರುವುದು ಯಾವ ಮೆಟ್ಟಿಲಿನ ಕಾಗದ ಎನ್ನುವುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಕಾರಣ ಕೇಳಿದ್ದರೆ ಉತ್ತರ ಕೊಡಬೇಕು, ದೃಢೀಕರಣವೇ ಬಂದಿದ್ದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಹೋಗಬೇಕು, ಅದಕ್ಕೆ ವಕೀಲರು ಬೇಕು. ಉತ್ತರವನ್ನು ಮುದ್ದಾಂ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕಚೇರಿಗೆ ಹೋಗಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ಎಇಇ) ಜೊತೆ ಮಾತಾಡಿ ಬಂದದ್ದು ಉತ್ತರವಲ್ಲ.

ಮಾಲೀಕರಿಗೆ ಇಲ್ಲೊಂದು ರಕ್ಷಣೆಯಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವಂತೆ ಕೊಟ್ಟ ನಿರ್ದೇಶನದ ಪ್ರಕಾರ, ಉತ್ತರಿಸಲು ಕನಿಷ್ಠ 15 ದಿನ ಕೊಡದೆ, ಖುದ್ದು ಅಹವಾಲು ಕೇಳದೆ, ಕಾರಣ ಬರೆದ ಅಂತಿಮ ಆದೇಶವಿಲ್ಲದೆ ಕೆಡವುವಂತಿಲ್ಲ. ಅಂತಿಮ ಆದೇಶದ ನಂತರವೂ 15 ದಿನ ಕಾಯಬೇಕು. ಆ ಅವಧಿಯಲ್ಲಿ ಮಾಲೀಕರು ಮೇಲ್ಮನವಿ ಹಾಕಬಹುದು, ಇಲ್ಲವೇ ಅಕ್ರಮ ಭಾಗವನ್ನು ತಾವೇ ಇಳಿಸಬಹುದು. ರಸ್ತೆ, ಪಾದಚಾರಿ ಮಾರ್ಗದಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ಕಾಂಪೌಂಡನ್ನು ಮೋರಿಯ ಮೇಲಕ್ಕೆ ತಂದವರು, ಕಾರು ಹತ್ತಿಸುವ ಇಳಿಜಾರನ್ನು ಫುಟ್‌ಪಾತಿಗೆ ಚಾಚಿದವರು ಇದನ್ನು ಗಮನಿಸಬೇಕು.

ಉತ್ತರ ಕೊಟ್ಟ ಮೇಲೆ ನಿಜವಾದ ಕೆಲಸ ಶುರು. ಮೊದಲಿಗೆ ಹಳೆಯ ಮಂಜೂರಾದ ನಕ್ಷೆ ಬೇಕು. 1980ರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಅದು ಟ್ರಂಕಿನ ತಳದಲ್ಲಿ ಮಡಿಕೆ ಬಿಟ್ಟು ಹರಿದಿರುತ್ತದೆ, ಇಲ್ಲವೇ ಗೃಹಸಾಲ ಕೊಟ್ಟ ಬ್ಯಾಂಕಿನಲ್ಲಿ ಇರುತ್ತದೆ. ಎಲ್ಲೂ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ದೃಢೀಕೃತ ನಕಲು ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರದ ಗಡುವು 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಕಷ್ಟಸುಖವೆಲ್ಲ ಅದರಲ್ಲಿ ಬರೆಯುವ ಹಾಗಿಲ್ಲ. ಆಸ್ತಿ ಸಂಖ್ಯೆ, ಮಂಜೂರಾತಿಯ ಅಂದಾಜು ವರ್ಷ, ಬೇಕಾದ ದಾಖಲೆಯ ಹೆಸರು ಇಷ್ಟಿದ್ದರೆ ಸಾಕು.

ಎರಡನೆಯದು ಈಗ ನಿಂತಿರುವ ಕಟ್ಟಡದ ಅಳತೆ ನಕ್ಷೆ. ಪರವಾನಗಿ ಪಡೆದ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಟೇಪು ಹಿಡಿದು ಪ್ರತಿ ಗೋಡೆ, ಪ್ರತಿ ಸಜ್ಜಾ, ಪ್ರತಿ ಮೆಟ್ಟಿಲನ್ನು ಅಳೆದು ಬರೆಯಬೇಕು. ಹಳೆಯ ನಕ್ಷೆಯ ಮೇಲೆ ಇದನ್ನಿಟ್ಟು ನೋಡಿದಾಗ ಎಲ್ಲಿ ಎಷ್ಟು ಹೊರಬಂದಿದೆ ಎಂಬುದು ಕೆಂಪು ಗೆರೆಯಲ್ಲಿ ಕಾಣುತ್ತದೆ. ಇಲ್ಲಿ ಸುಳ್ಳು ಹೇಳುವ ಆಸೆ ಬಲವಾಗಿರುತ್ತದೆ. ನಾಲ್ಕಡಿ ಓಣಿಯನ್ನು ಐದಡಿ ಎಂದು ಬರೆದುಕೊಡುವ ಡ್ರಾಫ್ಟ್ಸ್‌ಮನ್‌ಗಳಿಗೂ ಕೊರತೆಯಿಲ್ಲ. ಸ್ಥಳ ಪರಿಶೀಲನೆಯಲ್ಲಿ ಒಂದೇ ಒಂದು ಅಳತೆ ತಪ್ಪಿದರೆ ಇಡೀ ನಕ್ಷೆಯ ಮೇಲಿನ ನಂಬಿಕೆ ಹೋಗುತ್ತದೆ.

ಮೂರನೆಯದು ಕಟ್ಟಡ ಭದ್ರತೆಯ ವರದಿ. ಇದನ್ನು ಕಾಗದದ ಶಾಸ್ತ್ರ ಎಂದು ಭಾವಿಸುವವರು ಬೆಂಗಳೂರಿನ ಎರಡು ಘಟನೆಗಳನ್ನು ನೆನಪಿಸಿಕೊಳ್ಳಬೇಕು. 2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಮೂರು ಮಹಡಿಯ ಹಳೆಯ ಮನೆಯೊಂದು ವಾಲಿ ನೆಲಕ್ಕುರುಳಿತು. ಒಳಗೆ ಮೆಟ್ರೊ ಕಾಮಗಾರಿಯ ಕಾರ್ಮಿಕರು ವಾಸವಿದ್ದರು. ಸಕಾಲಕ್ಕೆ ಹೊರಬಂದಿದ್ದರಿಂದ ಜೀವಹಾನಿ ಆಗಲಿಲ್ಲ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಆ ಅದೃಷ್ಟ ಇರಲಿಲ್ಲ. ಮಳೆಯ ನಡುವೆ ನಿರ್ಮಾಣ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅಲ್ಲಿ ಅನುಮತಿ ಮೀರಿ ಮಹಡಿಗಳನ್ನು ಏರಿಸಲಾಗಿತ್ತು.

ಹಳೆಯ ಮೈಸೂರು ಭಾಗದ ನಲವತ್ತು ವರ್ಷ ಹಿಂದಿನ ಬಹುಪಾಲು ಮನೆಗಳಿಗೆ ಪಿಲ್ಲರ್ ಇಲ್ಲ. ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅದರ ಮೇಲೆ ಆರ್‌ಸಿಸಿ ಅಥವಾ ಮದ್ರಾಸ್ ತಾರಸಿ. ಅಂಥ ಮನೆಯಲ್ಲಿ ಹಾಲ್ ದೊಡ್ಡದಾಗಲಿ ಎಂದು ನಡುಗೋಡೆ ತೆಗೆದರೆ ಮೇಲಿನ ಮಹಡಿಯ ಭಾರ ಹೊರುವವರಿಲ್ಲ. ಅನುಭವಿ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲು ಗೋಡೆಯ ಬುಡದಲ್ಲಿ ಒಂದು ಗುಂಡಿ ತೋಡಿಸುತ್ತಾರೆ. ಪಾಯ ಎಷ್ಟು ಆಳ, ಎಷ್ಟು ಅಗಲ, ಕೆಳಗಿನ ಮಣ್ಣು ಗಟ್ಟಿಯೇ ತುಂಬಿದ್ದೇ ಎಂದು ಕಣ್ಣಾರೆ ನೋಡುತ್ತಾರೆ. ಕಾಂಕ್ರೀಟಿನ ಗಟ್ಟಿತನವನ್ನು ರಿಬೌಂಡ್ ಹ್ಯಾಮರ್‌ನಿಂದ, ಒಳಗಿನ ಪೊಳ್ಳನ್ನು ಅಲ್ಟ್ರಾಸಾನಿಕ್ ಪರೀಕ್ಷೆಯಿಂದ ಅಂದಾಜಿಸುತ್ತಾರೆ. ಇನ್ನೊಂದು ಪರೀಕ್ಷೆಯನ್ನು ಮನೆಯವರೂ ನಿಂತು ನೋಡಬಹುದು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಾಗಿರುವ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬರದೆ ಉಳಿದ ಭಾಗ ಗಾಳಿಯ ಇಂಗಾಲದ ಡೈಆಕ್ಸೈಡಿಗೆ ಸಿಕ್ಕಿ ಕ್ಷಾರ ಕಳೆದುಕೊಂಡಿದೆ ಎಂದರ್ಥ. ಆ ಬಣ್ಣವಿಲ್ಲದ ಪದರ ಕಂಬಿಯವರೆಗೆ ತಲುಪಿದ್ದರೆ ಕಂಬಿಗೆ ತುಕ್ಕಿನಿಂದ ರಕ್ಷಣೆ ಇಲ್ಲ.

ತಾರಸಿಯ ಮೇಲೆ ಬಿಟ್ಟ ಕಂಬಿಗಳ ಬಗ್ಗೆಯೂ ಒಂದು ಮಾತು. ‘ಮುಂದೆ ಮಹಡಿ ಏರಿಸಲಿಕ್ಕೆ ಅಂತಲೇ ಪಿಲ್ಲರಿನ ಕಂಬಿ ಬಿಟ್ಟಿದ್ದೇವೆ’ ಎಂದು ತೋರಿಸುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಹದಿನೈದು ಮಳೆಗಾಲ ನೆಂದ ಕಂಬಿಯ ಬುಡ ಸವೆದು ತೆಳ್ಳಗಾಗಿರುತ್ತದೆ. ಅದರ ಮೇಲೆ ಹೊಸ ಕಂಬಿ ಕಟ್ಟಿ ಕಾಂಕ್ರೀಟು ಸುರಿಯುವ ಮುಂಚೆ ಕೆಳಗಿನ ಪಿಲ್ಲರ್ ಎಷ್ಟು ಮಹಡಿಗೆ ಲೆಕ್ಕ ಹಾಕಿದ್ದು ಎಂಬ ಕಾಗದ ಇದೆಯೇ ಎಂದು ಕೇಳಬೇಕು. ಬಹಳ ಮನೆಗಳಲ್ಲಿ ಅದು ಇರುವುದಿಲ್ಲ.

ಹಳೆಯ ನಕ್ಷೆ, ಅಳತೆ ನಕ್ಷೆ, ಭದ್ರತೆಯ ವರದಿ ಈ ಮೂರು ಕೈಗೆ ಬಂದ ಮೇಲೆ ಕಠಿಣ ನಿರ್ಧಾರ. ಉದಾಹರಣೆಯ ಮನೆಯಲ್ಲಿ 450 ಚದರ ಅಡಿ ಇಳಿಸಲೇಬೇಕು. ಇಳಿಸುತ್ತೇವೆ ಎಂಬ ಮುಚ್ಚಳಿಕೆಯೊಂದಿಗೆ, ಉಳಿಸುವ 400 ಚದರ ಅಡಿಗೆ ಪರಿಷ್ಕೃತ ನಕ್ಷೆ ಹಾಕಿದರೆ ಅಧಿಕಾರಿಗೆ ಸಹಿ ಮಾಡಲು ನಿಯಮದೊಳಗೆ ಜಾಗ ಸಿಗುತ್ತದೆ. ಸ್ಲ್ಯಾಬ್ ಹಾಕುವ ಮುಂಚೆಯೇ ಸಿಕ್ಕಿಬಿದ್ದವರು ಒಂದರ್ಥದಲ್ಲಿ ಪುಣ್ಯವಂತರು, ಇಟ್ಟಿಗೆ ಗೋಡೆ ಇಳಿಸುವ ಖರ್ಚು ದೊಡ್ಡದಲ್ಲ. ಆರ್‌ಸಿಸಿ ಕತ್ತರಿಸುವುದಾದರೆ ಸುತ್ತಿಗೆಯವರನ್ನು ಬಿಟ್ಟು, ಉಳಿಯುವ ಭಾಗ ಬಿರುಕು ಬಿಡದಂತೆ ಯಂತ್ರದಿಂದ ಕೊಯ್ಯುವವರನ್ನು ಕರೆಸುವುದು ಮೇಲು.

ಅರ್ಜಿ ಎಲ್ಲಿಗೆ? ಬೆಂಗಳೂರಿನಲ್ಲಿ ಉತ್ತರ ಈಚೆಗೆ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಬಂದವು. ಹಳೆಯ ಕಡತ ಈಗ ಯಾವ ಪಾಲಿಕೆಯ ಯಾವ ಕಚೇರಿಗೆ ಹೋಗಿದೆ ಎಂಬುದನ್ನೇ ಮೊದಲು ಖಚಿತಪಡಿಸಿಕೊಳ್ಳಬೇಕು. 50×80 ಅಡಿವರೆಗಿನ ನಿವೇಶನಗಳಿಗೆ 2024ರಿಂದ ‘ನಂಬಿಕೆ ನಕ್ಷೆ’ ಇದೆ. ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸ್ವಯಂ ದೃಢೀಕರಿಸಿ ಆನ್‌ಲೈನಿನಲ್ಲಿ ಸಲ್ಲಿಸಿದರೆ ತಾತ್ಕಾಲಿಕ ಮಂಜೂರಾತಿ ಬೇಗ ಸಿಗುತ್ತದೆ, ಪರಿಶೀಲನೆ ಆಮೇಲೆ. ವಿವಾದವಿಲ್ಲದ ಮನೆಗೆ ಇದು ಒಳ್ಳೆಯ ದಾರಿ. ಈಗಾಗಲೇ ನೋಟಿಸ್ ಬಂದ ಮನೆಗೆ ಅದನ್ನು ಮುಚ್ಚಿಟ್ಟು ಈ ದಾರಿ ಹಿಡಿದರೆ, ಪರಿಶೀಲನೆಯಲ್ಲಿ ಸಂಗತಿ ಹೊರಬಿದ್ದಾಗ ಮಂಜೂರಾತಿಗೂ ಎಂಜಿನಿಯರ್ ಪರವಾನಗಿಗೂ ಕುತ್ತು.

ಖಾತಾ ವಿಷಯ ಅನೇಕರನ್ನು ಇಲ್ಲೇ ತಡೆಯುತ್ತದೆ. ಬಿ ಖಾತಾ ಎಂದರೆ ತೆರಿಗೆ ವಸೂಲಿಗಾಗಿ ಇಟ್ಟ ಪ್ರತ್ಯೇಕ ವಹಿ. ಅದರ ಮೇಲೆ ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ. 2025ರ ಕೊನೆಯಲ್ಲಿ ಬಿ ಖಾತಾ ನಿವೇಶನಗಳನ್ನು ಎ ಖಾತಾಕ್ಕೆ ತರುವ ಯೋಜನೆಯನ್ನು ಸರ್ಕಾರ ಶುರು ಮಾಡಿತು. ಆದರೆ ಖಾತಾ ಬದಲಾಗುವುದು ನಿವೇಶನಕ್ಕೆ. ಅದರ ಮೇಲಿನ ಕಟ್ಟಡದ ಉಲ್ಲಂಘನೆ ಇದ್ದಲ್ಲೇ ಇರುತ್ತದೆ. ಕಡತಕ್ಕೆ ಬೇಕಾದ ಉಳಿದ ಕಾಗದಗಳು ಎಲ್ಲರಿಗೂ ಗೊತ್ತಿರುವವೇ: ಕ್ರಯಪತ್ರ, ಇ-ಖಾತಾ, ಋಣಭಾರ ಪತ್ರ, ಈ ಸಾಲಿನ ಕಂದಾಯ ರಸೀದಿ. ಕ್ರಯಪತ್ರದ ಚೆಕ್ಕುಬಂದಿ, ಖಾತಾದಲ್ಲಿನ ವಿಸ್ತೀರ್ಣ, ಎಂಜಿನಿಯರ್ ಅಳೆದದ್ದು ಈ ಮೂರೂ ಹೊಂದಬೇಕು. ಹೊಂದದಿದ್ದರೆ ನಕ್ಷೆಗಿಂತ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು. ಅಪ್ಪನ ಹೆಸರಿನಲ್ಲೇ ಉಳಿದ ಖಾತಾ, ಭಾಗವಾಗದ ಅಣ್ಣತಮ್ಮಂದಿರು ಇದ್ದರೆ ಎಲ್ಲ ವಾರಸುದಾರರ ಸಹಿ ಬೇಕು.

ರಾಜ್ಯದ ಉಳಿದ ನಗರಗಳಲ್ಲಿ ಮಹಾನಗರ ಪಾಲಿಕೆಗೆ 1976ರ ಕಾಯ್ದೆ, ಪುರಸಭೆ ಮತ್ತು ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಹಳ್ಳಿಯಲ್ಲಿ ಪರವಾನಗಿಯೇ ಬೇಡ ಎಂಬ ನಂಬಿಕೆ ತಪ್ಪು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಮನೆ ಕಟ್ಟಲು, ವಿಸ್ತರಿಸಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು, ಅದಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11 ಆಧಾರ.

ಕೆಲವು ಊರುಗಳಿಗೆ ಇನ್ನೊಂದು ಬೇಲಿಯಿದೆ. ಶ್ರೀರಂಗಪಟ್ಟಣ, ಬಾದಾಮಿ, ಐಹೊಳೆಗಳಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಇರುವ ಮನೆಯ ರಿಪೇರಿಗೂ ಪುರಾತತ್ವ ಕಾಯ್ದೆಯ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು, ಆ ಅನುಮತಿಯಿಲ್ಲದೆ ಪಂಚಾಯಿತಿ ಕೊಟ್ಟ ಕಾಗದ ಕೆಲಸಕ್ಕೆ ಬಾರದು. ಹಂಪಿಯಲ್ಲಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಸೇರುತ್ತದೆ. ಬೆಂಗಳೂರಿನಲ್ಲಿ ಇದೇ ಪಾತ್ರ ರಾಜಕಾಲುವೆಯದು. ಮಹಾಯೋಜನೆ 2015ರ ಪ್ರಕಾರ ಪ್ರಾಥಮಿಕ ಕಾಲುವೆಯ ನಡುಗೆರೆಯಿಂದ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು. ಹಸಿರು ನ್ಯಾಯಮಂಡಳಿ ಇದನ್ನು ಹಿಗ್ಗಿಸಿದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆ ಮೀಸಲಿನೊಳಗೆ ನಿಂತ ಹಳೆಯ ಮನೆಗೆ ಮಹಡಿ ಏರಿಸುವ ಯೋಚನೆ ಬಿಡುವುದೇ ಲೇಸು. ಫ್ಲ್ಯಾಟಿನವರ ಪಾಡು ಬೇರೆ. ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಡಿ ನೋಂದಾಯಿತವಾದ ಕಡೆ ಕಟ್ಟಡದ ಭದ್ರತೆಗೆ ತಾಗುವ ಬದಲಾವಣೆಗೆ ಇತರ ಎಲ್ಲ ಮಾಲೀಕರ ಒಪ್ಪಿಗೆ ಬೇಕು. ಬಾಲ್ಕನಿಯನ್ನು ಕೋಣೆ ಮಾಡಿಕೊಳ್ಳುವ ಮುಂಚೆ ಸಂಘದ ಕಾರ್ಯದರ್ಶಿಯನ್ನು ಕಂಡು ಬರಬೇಕು.

ನೆರೆಯವರನ್ನು ಶತ್ರುವೆಂದು ಎಣಿಸಿದ ಮನೆ ಕೆಲಸ ಸುಸೂತ್ರವಾಗಿ ಮುಗಿದದ್ದು ಅಪರೂಪ. ಅವರ ದೂರಿನಲ್ಲಿ ಹೆಚ್ಚಿನ ಸಲ ಹುರುಳಿರುತ್ತದೆ: ಗೋಡೆಗೆ ಬಿರುಕು, ಬೆಳಕಿಗೆ ಅಡ್ಡ, ಸಂಪಿಗೆ ಬಿದ್ದ ಸಿಮೆಂಟ್ ನೀರು. ಕೆಲಸ ಪುನಃ ಶುರುವಾಗುವ ಮುಂಚೆ ಅವರ ಮನೆಯ ಗೋಡೆಗಳ ಸ್ಥಿತಿಯನ್ನು ಇಬ್ಬರೂ ಕೂಡಿ ಫೋಟೊ ತೆಗೆದು ಸಹಿ ಹಾಕಿಟ್ಟರೆ ಮುಂದಿನ ಜಗಳದ ಅರ್ಧ ಕಾರಣ ಇಲ್ಲವಾಗುತ್ತದೆ. ಮಾತುಕತೆ ಮುರಿದು ಅವರು ಸಿವಿಲ್ ಕೋರ್ಟಿಗೆ ಹೋಗುವ ಸೂಚನೆ ಕಂಡರೆ, ತಮ್ಮ ಮಾತು ಕೇಳದೆ ತಡೆಯಾಜ್ಞೆ ಆಗದಂತೆ ಕೇವಿಯಟ್ ಹಾಕಬಹುದು. ಅದರ ಆಯುಸ್ಸು 90 ದಿನ.

ಅರ್ಜಿ ಹಾಕಿ ಸುಮ್ಮನೆ ಕೂರುವ ಹಾಗೂ ಇಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಯಾದರೆ ಅರ್ಜಿಗೆ 15 ಅಂಕಿಯ ಸಂಖ್ಯೆ ಕೇಳಿ ಪಡೆಯಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಹಣ ಪುಡಿಗಾಸು, ಆದರೆ ಅದು ಹೋಗುವುದು ವಿಳಂಬಕ್ಕೆ ಹೊಣೆಯಾದ ನೌಕರರ ಜೇಬಿನಿಂದ, ಹಾಗಾಗಿ ಆ ಸಂಖ್ಯೆಗೆ ಬೆಲೆಯಿದೆ. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ ಟಿಪ್ಪಣಿ ಹಾಳೆಗಳ ನಕಲು ಕೇಳುವುದು ಹತ್ತು ಸಲ ಕೌಂಟರಿನ ಮುಂದೆ ನಿಲ್ಲುವುದಕ್ಕಿಂತ ಫಲಕಾರಿ. ಯಾವ ಅಧಿಕಾರಿ ಯಾವ ದಿನ ಏನು ಆಕ್ಷೇಪ ಬರೆದರು ಎಂಬುದು ಅದರಲ್ಲಿರುತ್ತದೆ. ಮಧ್ಯವರ್ತಿ ಹೇಳುವ ‘ಸಾಹೇಬರು ಒಪ್ಪುತ್ತಿಲ್ಲ’ ಎಂಬ ಮಾತು ನಿಜವೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ. ಶುಲ್ಕ ಎಷ್ಟೇ ಇರಲಿ, ಚಲನ್ ಅಥವಾ ಆನ್‌ಲೈನ್ ರಸೀದಿ ಇಲ್ಲದ ಒಂದು ರೂಪಾಯಿಯೂ ಮನೆಯ ಕಡತಕ್ಕೆ ಸೇರಿದ್ದಲ್ಲ.

ಪರಿಷ್ಕೃತ ನಕ್ಷೆ ಕೈಗೆ ಬಂದ ದಿನ ಹಬ್ಬ ಮಾಡುವುದು ಸಹಜ. ಆದರೆ ಅದರ ಹಿಂಬದಿಯ ಷರತ್ತುಗಳನ್ನು ಓದುವವರು ಕಡಿಮೆ. ಬೆಂಗಳೂರಿನ ಬೈಲಾದಲ್ಲಿ ಕೆಲಸ ಶುರು ಮಾಡಲು ಎರಡು ವರ್ಷ, ಮುಗಿಸಲು ಐದು ವರ್ಷದ ಮಿತಿಯಿದೆ. 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಕ್ಕೆ, 40×60 ಮತ್ತು ಮೇಲ್ಪಟ್ಟ ಹಳೆಯ ಕಟ್ಟಡಕ್ಕೆ ಜಲಮಂಡಳಿಯ ನಿಯಮದಂತೆ ಮಳೆನೀರು ಸಂಗ್ರಹ ಕಡ್ಡಾಯ. ತಾರಸಿ ಒಡೆದಿರುವಾಗಲೇ ಪೈಪು ಎಳೆದರೆ ಖರ್ಚು ಉಳಿಯುತ್ತದೆ. ಮನೆಯ ಒಟ್ಟು ವೆಚ್ಚ ಕಾನೂನಿನ ಮಿತಿ ಮೀರಿದರೆ ಕಾರ್ಮಿಕ ಕಲ್ಯಾಣ ಸೆಸ್ ಕೂಡ ಬರುತ್ತದೆ. ಮಂಜೂರಾದ ನಕ್ಷೆಯ ಒಂದು ಪ್ರತಿ ಸ್ಥಳದಲ್ಲಿರಬೇಕು, ಮೇಸ್ತ್ರಿಗೆ ಅದನ್ನು ಓದಿ ಹೇಳುವವರು ಇರಬೇಕು.

ಕೆಲಸ ಮುಗಿದ ಒಂದು ತಿಂಗಳೊಳಗೆ ಎಂಜಿನಿಯರ್ ಪ್ರಮಾಣಪತ್ರದೊಂದಿಗೆ ಸ್ವಾಧೀನಾನುಭವ ಪತ್ರಕ್ಕೆ, ಅಂದರೆ ಒಸಿಗೆ ಅರ್ಜಿ ಹಾಕಬೇಕು. ಅದನ್ನು 30 ದಿನದಲ್ಲಿ ತೀರ್ಮಾನಿಸಬೇಕು ಎನ್ನುತ್ತದೆ ಬೈಲಾ. ಹಿಂದೆ ಸ್ವಂತ ಮನೆಯವರು ಒಸಿಯನ್ನು ಕೇಳುತ್ತಲೇ ಇರಲಿಲ್ಲ. ಮೀರತ್‌ನ ಶಾಸ್ತ್ರಿನಗರದಲ್ಲಿ ವಸತಿ ನಿವೇಶನದ ಮೇಲೆ ಅಂಗಡಿಗಳನ್ನು ಕಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪು ಆ ಉದಾಸೀನಕ್ಕೆ ಕೊನೆ ಹಾಡಿತು. ಒಸಿ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು ನ್ಯಾಯಾಲಯ. 2025ರಲ್ಲಿ ಕರ್ನಾಟಕದ ವಿದ್ಯುತ್ ಸರಬರಾಜು ಕಂಪನಿಗಳು (ಎಸ್ಕಾಂ) ಅದನ್ನು ಪಾಲಿಸತೊಡಗಿದಾಗ ಸಾವಿರಾರು ಮನೆಗಳು ಮೀಟರ್ ಇಲ್ಲದೆ ನಿಂತವು. ಕೊನೆಗೆ 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತು, ಅಥವಾ ಸ್ಟಿಲ್ಟ್ ಮತ್ತು ಮೂರು ಅಂತಸ್ತಿನವರೆಗಿನ ವಾಸದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಈ ವಿನಾಯಿತಿ ಒಸಿಗೆ ಮಾತ್ರ, ನಕ್ಷೆಗಲ್ಲ. ಹೊಸ ಮಹಡಿಗೆ ಬೇರೆ ಮೀಟರ್ ಬೇಕೆನ್ನುವವರು ಮಂಜೂರಾದ ನಕ್ಷೆ, ಹಳೆಯ ನೋಟಿಸ್, ಅದಕ್ಕೆ ಕೊಟ್ಟ ಉತ್ತರದ ಸೀಲು ಬಿದ್ದ ಪ್ರತಿ, ಶುಲ್ಕದ ರಸೀದಿಗಳು ಇಷ್ಟನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಮನೆ ಮಾರುವಾಗಲೂ ಸಾಲ ತೆಗೆಯುವಾಗಲೂ ಬ್ಯಾಂಕಿನ ವಕೀಲರು ಕೇಳುವುದು ಇವನ್ನೇ.